ಕೋರೆಹಲ್ಲಿನ ಬದನೆ ಬಿಟ್ಟು ಮಟ್ಟುಗುಳ್ಳ ಕಟ್ಟಿದ್ದು

ಕುಲಾಂತರಿ (ಜೀನ್ ತಿದ್ದಿದ) ಬೆಳೆ ವಿರೋಧಿ ಮೆರವಣಿಗೆಗೆ ಕೋರೆಹಲ್ಲಿನ ನೇರಳೆ ಬದನೆ, ಅದಕ್ಕೆ ಚುಚ್ಚಿದ ಸಿರಿಂಜು ಇರಲೇಬೇಕು, ಇಲ್ಲದಿದ್ದರೆ ಯಾರೂ ತಿರುಗಿ ನೋಡಲ್ಲ ಎಂಬುದು ಜೊತೆಗಾರರ ವಾದ. ಆದರೆ ಸಿರಿಂಜು ಕಂಡ ಜನ ಕೇಳುವುದು ‘ಕಾಯಿಗೆ ಯಾವ ಇಂಜೆಕ್ಷನ್ ಕೊಡ್ತಾರೆ?’ ಎಂದು. ಬದಲಾಗುವುದು ಬೀಜ, ಕಾಯಿಗೆ ಯಾರೂ ಚುಚ್ಚುವುದಿಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಿಗ್ನಲ್ ಬಿಟ್ಟಿರುತ್ತದೆ. ಧಾರವಾಡ ಕೃಷಿ ವಿವಿ ಬಿಟಿಗೆ, ಅಂದರೆ ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಲು, ಆರಿಸಿಕೊಂಡಿದ್ದ ಬದನೆ ತಳಿಗಳಲ್ಲಿ ಉಡುಪಿಯ ದುಂಡನೆಯ ಮಟ್ಟುಗುಳ್ಳವೂ ಇತ್ತು. ಹೆದರಿಸುವ ಭೂತಕ್ಕಿಂತ, ಕಳೆದುಕೊಳ್ಳಬಹುದಾದ ಕಾಯಿಯನ್ನೇ ಎತ್ತಿ ತೋರಿಸುವುದು ನಮ್ಮ ಹಟ.

ಹೆಗಲ ಮೇಲೆ ಹೊರುವ ಈ ಮಾದರಿ ಗುಳ್ಳದ ಅಡ್ಡಗಲ ಸುಮಾರು ಐದಡಿ. ಕಬ್ಬಿಣದ ಸರಳಾದರೆ ಆರೇಳು ಸಾವಿರ ಹೋಗುತ್ತದೆ, ಅರ್ಧ ದಾರಿಗೇ ಹೆಗಲು ಸೋಲುತ್ತದೆ. ಬಿದಿರ ಸೀಳೇ ಸರಿ. ಹಸಿ ಇರುವಾಗಲೇ ಬಗ್ಗಿಸಿ, ಒಣಗಿದ್ದು ಗಂಟಿನಲ್ಲಿ ಸಿಡಿಯುತ್ತದೆ. ಕಟ್ಟುಕಂಬಿಯ ತುದಿ ಕಾಗದ ಹರಿಯುತ್ತದೆ; ಹಳೇ ಸೈಕಲ್ ಟ್ಯೂಬನ್ನು ಬೆರಳಗಲ ಕತ್ತರಿಸಿ ಬಿಗಿದರೆ ಎಷ್ಟು ಕುಲುಕಿದರೂ ಜಗ್ಗುವುದಿಲ್ಲ.

ಅಂಟಿಗೆ ಒಂದು ಕೇಜಿ ಮೈದಾ, ಏಳೆಂಟು ಲೀಟರ್ ನೀರು. ಜಿರಳೆ ಮೇಯದಂತೆ ಒಂದು ಚಮಚ ಮೈಲುತುತ್ತ, ಅದೂ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದ ಮೇಲೆ. ಅಲ್ಯುಮಿನಿಯಂ ಪಾತ್ರೆಯನ್ನು ಅದು ತಿಂದುಹಾಕುತ್ತದೆ. ಪೇಪರು ಮೂರು ಪದರ. ಒಂದು ಪೂರ್ತಿ ಒಣಗದೆ ಮತ್ತೊಂದು ಹಚ್ಚಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ಮೇಲೆ ಖೋರಾ ಬಟ್ಟೆ, ಡಿಸ್ಟೆಂಪರ್.

ನಿಜವಾದ ಕಷ್ಟ ಬಣ್ಣದ್ದು. ತಿಳಿಹಸಿರು ಉಂಡೆ, ಬಿಳಿ ಗೀರು: ಇಪ್ಪತ್ತಡಿ ದೂರದಿಂದ ಸಾಕ್ಷಾತ್ ಕಲ್ಲಂಗಡಿ! ಅದನ್ನು ಬದನೆ ಮಾಡುವುದು ತೊಟ್ಟು. ಗೋಣಿಯನ್ನು ಫೆವಿಕಾಲ್‌ನಲ್ಲಿ ಅದ್ದಿ, ತೊಟ್ಟಿನ ಐದು ಎಸಳನ್ನು ಕಾಯಿಯ ಭುಜಕ್ಕೆ ಅಪ್ಪುವಂತೆ ಇಳಿಸಿ, ಒಣಗುವ ಮುನ್ನ ಕಡ್ಡಿಪೊರಕೆಯ ತುಂಡುಗಳನ್ನು ಮುಳ್ಳಾಗಿ ಚುಚ್ಚಿ. ಮುಳ್ಳು ಎದ್ದಮೇಲೆ ‘ಏ, ಗುಳ್ಳ!’ ಅಂದವರೇ ಎಲ್ಲ. ಗೀರು ಒಂದರೊಳಗೊಂದು ಕರಗುವಂತೆ ಮಾಡುವ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಟ್ಟು ಖರ್ಚು ಎರಡೂವರೆ ಸಾವಿರದ ಆಸುಪಾಸು.

2022ರಲ್ಲಿ ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಗೆ ಪರಿಸರ ಬಿಡುಗಡೆಯ (ಹೊರಗೆ ಹೊಲದಲ್ಲಿ ಬೆಳೆಯುವ) ಒಪ್ಪಿಗೆ ಸಿಕ್ಕಿತಲ್ಲ, ಅದರ ವಿರೋಧಕ್ಕೆ ಸಾಸಿವೆ ಹೂವಿನ ಹಳದಿ ಬಟ್ಟೆ ಹಾರಿಸಿದರೆ ಯಾವುದೋ ಸಂಘಟನೆಯ ಬಾವುಟವಾಗುತ್ತದೆ. ಒಗ್ಗರಣೆ ಸೌಟಿನ ದೊಡ್ಡ ಮಾದರಿ ಪರವಾಗಿಲ್ಲ, ಇನ್ನೂ ತಿದ್ದಬೇಕು.

2010ರ ಫೆಬ್ರವರಿ 9ರಂದು ಬಿಟಿ ಬದನೆಗೆ ತಡೆ ಬಿತ್ತು, ಅದು ಇಂದಿಗೂ ತೆರವಾಗಿಲ್ಲ. ಆ ದಿನದ ನೆನಪಿಗೆ ಬದನೆ ಹಾರ ಪೋಣಿಸುವವರು ದಬ್ಬಣವನ್ನು ತೊಟ್ಟಿನಲ್ಲೇ ತೂರಿಸಿ. ತಿರುಳಿಗೆ ಚುಚ್ಚಿದರೆ ತೂತು ಕಪ್ಪಾಗುತ್ತದೆ, ಭಾರಕ್ಕೆ ಕಾಯಿ ಸೀಳಿ ಉದುರುತ್ತದೆ. ಹೊರಡುವ ತನಕ ಒದ್ದೆ ಗೋಣಿ ಮುಚ್ಚಿಡಿ.