ಬಾಲೋಸ್‌ಗೆ ಹೋಗೋದಾದರೆ ಬೇಗ ಏಳಿ

ಬಿಳಿ ಮರಳು, ನಡುವೆ ಹಸಿರು-ನೀಲಿ ನೀರು, ಎದುರಿಗೊಂದು ಬೋಳು ಗುಡ್ಡ. ಗ್ರೀಸಿನ ಕ್ರೀಟ್ ದ್ವೀಪದ ಬಾಲೋಸ್ ಕಡಲತೀರದ ಈ ಫೋಟೊವನ್ನು ನೀವೂ ನೋಡಿರಬಹುದು. ಅದನ್ನು ತೆಗೆಯುವುದು ಈಚೆ ಬದಿಯ ಗುಡ್ಡದ ಮೇಲಿನಿಂದ. ಬಾಲೋಸ್‌ಗೆ ಯಾವ ದಾರಿಯಲ್ಲಿ ಹೋಗಬೇಕು ಅನ್ನೋದಕ್ಕೆ ಇದೇ ಉತ್ತರ.

ಮೊದಲು ಷೆಂಗೆನ್ ವೀಸಾ, ಅಂದರೆ ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ. ಪ್ರಯಾಣಕ್ಕೆ 6 ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ಕೊನೆಯ 15 ದಿನದವರೆಗೂ ಕಾಯಬೇಡಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆಯೂ ಬೇಕು.

ಅಥೆನ್ಸ್‌ನಿಂದ ಕ್ರೀಟ್‌ನ ಹನ್ಯಾ ನಗರಕ್ಕೆ ವಿಮಾನವಿದೆ. ನಾನಾದರೆ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ ರಾತ್ರಿ ಹಡಗು ಹತ್ತುತ್ತೇನೆ. ಬೆಳಿಗ್ಗೆ ಹನ್ಯಾ ಪಕ್ಕದ ಸೂದಾದಲ್ಲಿ ಇಳಿದರಾಯಿತು, ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಯುತ್ತದೆ. ತಂಗುವುದು ಮಾತ್ರ ಬಾಲೋಸ್‌ಗೆ ಹತ್ತಿರದ ಕಿಸಾಮೊಸ್ ಊರಿನಲ್ಲಿ. ಹನ್ಯಾದಲ್ಲಿ ಉಳಿದರೆ ಬೆಳಿಗ್ಗೆ ಸುಮ್ನೆ 40 ಕಿ.ಮೀ. ಜಾಸ್ತಿ ಓಡಿಸಬೇಕು.

ಇಲ್ಲಿಂದ ಎರಡು ದಾರಿ. ಬೇಸಿಗೆಯಲ್ಲಿ ಕಿಸಾಮೊಸ್ ಬಂದರಿನಿಂದ ದೋಣಿ ಸಿಗುತ್ತದೆ. ಸುಮಾರು ಒಂದು ಗಂಟೆಯ ಪ್ರಯಾಣ. ಪಕ್ಕದ ಗ್ರಾಂವೂಸಾ ನಡುಗಡ್ಡೆಯಲ್ಲೂ ನಿಲ್ಲುತ್ತದೆ. ಅಲ್ಲಿ ವೆನಿಸ್‌ನವರು 16ನೇ ಶತಮಾನದಲ್ಲಿ ಕಟ್ಟಿದ ಕೋಟೆ ಇದೆ. ಮಂಡಿ ನೋವಿನವರಿಗೆ, ಮಕ್ಕಳಿರುವವರಿಗೆ ಇದೇ ಸರಿ. ಆದರೆ ದೋಣಿ ನೇರ ಮರಳಿಗೇ ಇಳಿಸುತ್ತದೆ, ಮೇಲಿನ ನೋಟ ತಪ್ಪಿಹೋಗುತ್ತದೆ. ಜೊತೆಗೆ ಎಲ್ಲರೂ ಒಟ್ಟಿಗೇ ಇಳಿಯುತ್ತಾರೆ. ಆಮೇಲೆ ಜಾತ್ರೆ ಅಂದುಕೊಳ್ಳಿ.

ನನ್ನ ಓಟು ರಸ್ತೆಗೆ. ಕಲಿವಿಯಾನಿ ಹಳ್ಳಿ ದಾಟಿದ ಮೇಲೆ ಸುಮಾರು 8 ಕಿ.ಮೀ. ಕಲ್ಲುಮಣ್ಣಿನ ರಸ್ತೆ, ಒಂದು ಬದಿಗೆ ಸಮುದ್ರ. ಬಾಡಿಗೆ ಕಾರಿನ ವಿಮೆ ಎಷ್ಟೋ ಸಲ ಮಣ್ಣು ರಸ್ತೆಯಲ್ಲಿ ಟೈರಿಗೆ, ಕಾರಿನ ತಳಕ್ಕೆ ಆದ ಪೆಟ್ಟಿಗೆ ಅನ್ವಯಿಸುವುದಿಲ್ಲ. ಸಹಿ ಹಾಕುವ ಮೊದಲೇ ಕೇಳಿ. ವಾಹನಗಳ ನಿಯಮ ಬದಲಾಗಿದೆಯೇ ಎಂದು ಹಿಂದಿನ ದಿನ ಊರಲ್ಲಿ ವಿಚಾರಿಸಿ. ಬೆಳಿಗ್ಗೆ 8ಕ್ಕೆ ಮೊದಲೇ ತಲುಪಿದರೆ ಕಾರು ನಿಲ್ಲಿಸಲು ಜಾಗವೂ ಸಿಗುತ್ತದೆ, ತಂಪೂ ಇರುತ್ತದೆ. ಅಲ್ಲಿಂದ ಇಪ್ಪತ್ತು-ಇಪ್ಪತ್ತೈದು ನಿಮಿಷ ನಡಿಗೆ. ಆ ನೋಟ ಸಿಗುವುದು ಈ ಹಾದಿಯಲ್ಲೇ.

ಕೆಳಗೆ ಮರದ ನೆರಳಿಲ್ಲ. ಟೋಪಿ, ಕೊಡೆ, ಊಟ, ಗಟ್ಟಿ ಚಪ್ಪಲಿ ಜೊತೆಗಿರಲಿ. ಒಳಭಾಗದ ನೀರು ಮೊಣಕಾಲಿನಷ್ಟೇ, ಈಜು ಬಾರದವರೂ ಇಳಿಯಬಹುದು. ಜುಲೈ-ಆಗಸ್ಟ್‌ನಲ್ಲಿ ಬಡಗಣ ಗಾಳಿ ಜೋರಾಗಿ ಬೀಸಿದ ದಿನ ಮರಳು ಮುಖಕ್ಕೆ ಹೊಡೆಯುತ್ತದೆ; ಅಂಥ ದಿನ ಬಿಟ್ಟುಬಿಡಿ. ಅಲ್ಲಲ್ಲಿ ಗುಲಾಬಿ ಬಣ್ಣ ಕಾಣುತ್ತದಲ್ವಾ, ಅದು ಪುಡಿಯಾದ ಚಿಪ್ಪು. ಇದು ಸಂರಕ್ಷಿತ ಪ್ರದೇಶ, ಒಂದು ಹಿಡಿಯೂ ಜೇಬಿಗೆ ಹಾಕಬೇಡಿ.

ಒಂದು ಬಾಟಲಿ ನೀರನ್ನು ಮುಟ್ಟದೆ ಎತ್ತಿಡಿ, ವಾಪಸು ಹತ್ತುವಾಗ ಬೇಕಾಗುತ್ತದೆ. ತಿಂಡಿ ಉಳಿದಿದ್ದರೆ ಚೀಲದ ಬಾಯಿ ಕಟ್ಟಿರಿ. ಮೇಲೆ ಕಾರುಗಳ ಹತ್ತಿರ ಮೇಕೆಗಳು ಕಾಯುತ್ತಿರುತ್ತವೆ.