ಮೊದಲು ಸ್ತೋತ್ರ, ಆಮೇಲೆ ಸೇವೆ: ನನ್ನ ಅನುಭವ

ಸಭೆಯಲ್ಲಿ ಯಾವುದಾದರೂ ಜವಾಬ್ದಾರಿ ಹೊತ್ತುಕೊಂಡವರನ್ನು ಕೇಳಿ ನೋಡಿ, ಯಾಕೆ ಸೇವೆ ಮಾಡುತ್ತೀರಿ ಅಂತ. ಹೆಚ್ಚಿನವರು ಒಂದೇ ಉತ್ತರ ಕೊಡುತ್ತಾರೆ: "ಯೇಸು ಸ್ವಾಮಿ ನನಗಾಗಿ ಪ್ರಾಣವನ್ನೇ ಕೊಟ್ಟರು. ನಾನು ಇಷ್ಟಾದರೂ ಮಾಡಬೇಡ್ವಾ?"

ಕೇಳಲು ಚೆನ್ನಾಗಿದೆ. ಆದರೆ ಈ ಮಾತಿನೊಳಗೆ ಒಂದು ಲೆಕ್ಕ ಅಡಗಿದೆ. ಆತನು ಅಷ್ಟು ಕೊಟ್ಟನು, ನಾನು ಇಷ್ಟು ಕೊಡುತ್ತಿದ್ದೇನೆ. ಸೇವೆ ಚೆನ್ನಾಗಿ ನಡೆದ ವಾರ ಸಾಲದ ಕಂತು ಕಟ್ಟಿ ಬಂದ ಹಾಗೆ ಸಮಾಧಾನ. ನಡೆಯದ ವಾರ ತಲೆ ತಗ್ಗಿಸಿಕೊಂಡು ಓಡಾಡುವುದು. ಹೀಗೆ ಸೇವೆ ಮಾಡುವವರು ಬೇಗ ದಣಿಯುತ್ತಾರೆ, ಬೇಗ ಸಿಡುಕುತ್ತಾರೆ. ಪಕ್ಕದವರು ಕಡಿಮೆ ಮಾಡುತ್ತಿದ್ದಾರೆ ಅಂತಲೂ ಬೇಗ ಅನ್ನಿಸುತ್ತದೆ.

ನನಗೆ ದಾರಿ ತೋರಿಸಿದ್ದು ಬೈಬಲಿನ 116ನೇ ಕೀರ್ತನೆ. ಅದರ 12ನೇ ವಚನದಲ್ಲಿ ಕೀರ್ತನೆಗಾರನೂ ಇದನ್ನೇ ಕೇಳುತ್ತಾನೆ: ಕರ್ತನು ನನಗೆ ಮಾಡಿದ ಉಪಕಾರಗಳಿಗೆಲ್ಲ ಬದಲಾಗಿ ಏನು ಕೊಡಲಿ? ಅವನು ಏನಾದರೂ ಕೊಡುತ್ತೇನೆ ಅನ್ನುತ್ತಾನೆ ಅಂತ ನಾವು ಕಾಯುತ್ತೇವೆ. ಮುಂದಿನ ವಚನದಲ್ಲಿ ಅವನು ಹೇಳುವುದೇ ಬೇರೆ. ರಕ್ಷಣೆಯ ಪಾತ್ರೆಯನ್ನು ತೆಗೆದುಕೊಳ್ಳುತ್ತೇನೆ, ಕರ್ತನ ಹೆಸರೆತ್ತಿ ಕರೆಯುತ್ತೇನೆ ಅನ್ನುತ್ತಾನೆ. ಏನು ಕೊಡಲಿ ಅನ್ನುವ ಪ್ರಶ್ನೆಗೆ ತೆಗೆದುಕೊಳ್ಳುತ್ತೇನೆ ಅನ್ನುವ ಉತ್ತರ! ಹರಕೆ ತೀರಿಸುವ ಮಾತು ಅದರ ನಂತರ, 14ನೇ ವಚನದಲ್ಲಿ ಬರುತ್ತದೆ. 113ರಿಂದ 118ರವರೆಗಿನ ಕೀರ್ತನೆಗಳು ಯೆಹೂದ್ಯರು ಪಸ್ಕ ಹಬ್ಬದಲ್ಲಿ ಹಾಡುವ ಸ್ತುತಿ ಗೀತೆಗಳು. ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿ ಶಿಷ್ಯರ ಜೊತೆ ಕೀರ್ತನೆ ಹಾಡಿ ಹೊರಗೆ ಹೋದನು ಅಂತ ಮತ್ತಾಯನು ಬರೆದಿದ್ದಾನೆ. ಹಾಡಿದ್ದು ಇವುಗಳನ್ನೇ ಇರಬೇಕು ಅಂತ ಓದಿದಾಗಲೆಲ್ಲ ಆ ಪಾತ್ರೆಯ ಮಾತು ನನಗೆ ಹೊಸದಾಗಿ ಕೇಳುತ್ತದೆ.

ನಾನು ಪೂರ್ಣಾವಧಿ ಸೇವಕನಲ್ಲ. ಕಾಯಿಲೆಯಿಂದ ಮಲಗಿದವರನ್ನು ನೋಡಿ ಪ್ರಾರ್ಥಿಸಿ ಬರುವುದು, ಸಂಡೇ ಸ್ಕೂಲ್, ಕರೆದಾಗ ಪ್ರಸಂಗ, ಆರಾಧನೆಗೆ ಮುಂಚೆ ಕುರ್ಚಿ ಹಾಕುವುದು, ಇಷ್ಟೇ ನನ್ನ ಕೆಲಸ. ಆದರೂ ಈ ತೆಗೆದುಕೊಳ್ಳುವ ಕೆಲಸಕ್ಕೆ ಬೇರೆಯೇ ಸಮಯ ಇಡಬೇಕಾಯಿತು. ಇಡದಿದ್ದರೆ ಬೆಳಗಿನ ಪ್ರಾರ್ಥನೆಯೂ ಸೇವೆಯ ತಯಾರಿಯೇ ಆಗಿಬಿಡುತ್ತದೆ. ಯಾರನ್ನು ನೋಡಬೇಕು, ಯಾವ ಪಾಠ ಇದೆ, ಯಾರ ಆಪರೇಷನ್ ಯಾವಾಗ, ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಹಾಗಾಗಿ ಬೆಳಗಿನ ಪ್ರಾರ್ಥನೆಯ ಮೊದಲ ಭಾಗದಲ್ಲಿ ನಾನು ಏನನ್ನೂ ಕೇಳುವುದಿಲ್ಲ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ತೆಗೆದು, ಮೊದಲ 10 ವಚನಗಳನ್ನು 'ನಾನು' ಅಂತ ಬದಲಾಯಿಸಿಕೊಂಡು ಜೋರಾಗಿ ಓದುತ್ತೇನೆ. ನಾನು ಸತ್ತಿದ್ದೆ. ಆದರೆ ದೇವರು ಕರುಣಾನಿಧಿ. ನನ್ನನ್ನು ಕ್ರಿಸ್ತನ ಜೊತೆ ಬದುಕಿಸಿದನು. ಇದು ನನ್ನಿಂದ ಆದದ್ದಲ್ಲ, ದೇವರ ವರ. ಇಡೀ ಭಾಗದಲ್ಲಿ ಕೆಲಸವೆಲ್ಲ ಆತನದೇ, ನನ್ನ ಪಾಲಿಗೆ ಬರುವುದು ಸತ್ತಿದ್ದದ್ದು ಮಾತ್ರ. ಒಳ್ಳೇ ಕೆಲಸಗಳ ವಿಷಯ ಬರುವುದು ಕೊನೆಗೆ, 10ನೇ ವಚನದಲ್ಲಿ. ಅವುಗಳನ್ನೂ ದೇವರೇ ಮೊದಲು ಸಿದ್ಧಮಾಡಿ ಇಟ್ಟಿದ್ದಾನಂತೆ. ಅಂದರೆ ಇವತ್ತು ಮಧ್ಯಾಹ್ನ ನಾನು ನೋಡಲು ಹೋಗುವ ರೋಗಿಯ ಮಂಚದ ಪಕ್ಕದ ಜಾಗವೂ ನನಗೆ ಸಿಕ್ಕ ಕೊಡುಗೆಯೇ. ರಕ್ಷಣೆ ಒಂದು ಕೊಡುಗೆ, ಸೇವೆ ಅದರ ಮೇಲೆ ಇನ್ನೊಂದು.

ಇದನ್ನು ಒಪ್ಪಿಕೊಳ್ಳುವುದು ಸುಲಭ. ಮಧ್ಯಾಹ್ನದ ತನಕ ನೆನಪಿಟ್ಟುಕೊಳ್ಳುವುದು ಕಷ್ಟ.

ಅದಕ್ಕೆ ಸಹಾಯ ಸಿಕ್ಕಿದ್ದು ಯಾಜಕಕಾಂಡದಿಂದ. ನಾವು ಅವಸರದಲ್ಲಿ ದಾಟಿಹೋಗುವ ಪುಸ್ತಕ, ಅಲ್ವಾ? 7ನೇ ಅಧ್ಯಾಯದಲ್ಲಿ ಸಮಾಧಾನಯಜ್ಞದ ನಿಯಮಗಳಿವೆ. ಹರಕೆಗಾಗಿ ಅಥವಾ ಸ್ವಂತ ಇಷ್ಟದಿಂದ ತಂದ ಯಜ್ಞವಾದರೆ ಅದರ ಮಾಂಸವನ್ನು ಮಾರನೆಯ ದಿನವೂ ತಿನ್ನಬಹುದು. ಕೃತಜ್ಞತೆಗಾಗಿ ತಂದದ್ದಾದರೆ ಆವತ್ತೇ ತಿಂದು ಮುಗಿಸಬೇಕು, ಬೆಳಗಿನ ತನಕ ಉಳಿಸಬಾರದು. ಕಾರಣವನ್ನು ಅಲ್ಲಿ ಹೇಳಿಲ್ಲ. ಆದರೆ ನಾನು ಅದನ್ನು ನನ್ನ ನಿಯಮ ಮಾಡಿಕೊಂಡೆ. ಇವತ್ತಿನ ಸ್ತೋತ್ರ ಇವತ್ತೇ.

ಆಸ್ಪತ್ರೆಯಿಂದ ಹೊರಬಂದವನು ಗಾಡಿ ಸ್ಟಾರ್ಟ್ ಮಾಡುವ ಮೊದಲು ಒಂದು ನಿಮಿಷ ನಿಲ್ಲುತ್ತೇನೆ. ಆ ವ್ಯಕ್ತಿಯ ಹೆಸರು ಹೇಳಿ, ಅಲ್ಲಿ ಕಂಡ ಒಂದೇ ಒಂದು ವಿಷಯಕ್ಕೆ ಸ್ತೋತ್ರ ಹೇಳುತ್ತೇನೆ. "ಎಲ್ಲಾದಕ್ಕೂ ಸ್ತೋತ್ರ ಕರ್ತನೇ" ಅನ್ನುವ ಪ್ರಾರ್ಥನೆ ತಪ್ಪಲ್ಲ, ಆದರೆ ಅದರಲ್ಲಿ ಸುಮ್ನೆ ಜಾರಿಕೊಳ್ಳಬಹುದು. ಯಾವುದಕ್ಕೆ ಅಂತ ಹೇಳಬೇಕಾದಾಗ ಕಣ್ಣು ತೆರೆಯುತ್ತದೆ. ಒಬ್ಬ ಅಜ್ಜ ಯಾರ ಹೆಸರನ್ನೂ ಗುರುತಿಸುತ್ತಿರಲಿಲ್ಲ. ನಾನು 23ನೇ ಕೀರ್ತನೆ ಶುರುಮಾಡಿದರೆ ಎರಡನೇ ಸಾಲನ್ನು ನನಗಿಂತ ಮುಂಚೆ ಹೇಳಿದರು. ಆ ದಿನ ಸ್ತೋತ್ರ ಸುಲಭ. ಇನ್ನೊಮ್ಮೆ ಒಬ್ಬರು ನನ್ನನ್ನು ನೋಡಿದ ಕೂಡಲೇ ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ನೋವು ಅಷ್ಟಿತ್ತು. ಆವತ್ತು ಸಿಕ್ಕಿದ್ದು ಇಷ್ಟೇ: ಹತ್ತಿರ ಕೂತುಕೊಳ್ಳಲು ಬಿಟ್ಟರಲ್ಲ, ಅದಕ್ಕೆ ಸ್ತೋತ್ರ. ದೇವರ ಕರುಣೆಯಿಂದಲೇ ಈ ಸೇವೆ ಸಿಕ್ಕಿದೆ, ಆದ್ದರಿಂದ ನಾವು ಧೈರ್ಯಗೆಡುವುದಿಲ್ಲ ಅಂತ ಪೌಲನು ಕೊರಿಂಥದವರಿಗೆ ಬರೆದದ್ದು ಇಂಥ ದಿನಗಳಿಗೇ ಇರಬೇಕು.

ಸಾಕ್ಷಿ ಹೇಳುವುದರ ಬಗ್ಗೆಯೂ ಒಂದು ಮಾತು. ನನ್ನದು ಕ್ರೈಸ್ತ ಕುಟುಂಬ. ಕುಡಿತ, ಜೈಲು, ಸಾವಿನ ದವಡೆ, ಇಂಥದ್ದೇನೂ ನನ್ನ ಕಥೆಯಲ್ಲಿಲ್ಲ. ಸಾಕ್ಷಿ ಕೂಟಗಳಲ್ಲಿ ಇಂಥವರಿಗೆ ಹೇಳಲು ಏನೂ ಇಲ್ಲ ಅನ್ನಿಸಿಬಿಡುತ್ತದೆ. ಆದರೆ ಪೌಲ, ತಿಮೊಥೆಯ ಇಬ್ಬರನ್ನೂ ನೋಡಿ. ಒಬ್ಬನು ದಮಸ್ಕದ ದಾರಿಯಲ್ಲಿ ಬೆಳಕು ಕಂಡು ನೆಲಕ್ಕೆ ಬಿದ್ದನು. ಇನ್ನೊಬ್ಬನಿಗೆ ನಂಬಿಕೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗನಿಗೆ ಮನೆಯೊಳಗೇ ಬಂತು. ಅದನ್ನು ನೆನೆದು ದೇವರಿಗೆ ಸ್ತೋತ್ರ ಹೇಳುವವನು ಆ ಬೆಳಕು ಕಂಡ ಪೌಲನೇ. ಬೀಳುವ ಮುಂಚೆ ಹಿಡಿದದ್ದೂ ರಕ್ಷಣೆಯೇ. ನಾನು ಈಗ ಸಾಕ್ಷಿ ಹೇಳುವಾಗ ಯಾವ ಯಾವ ಸ್ವಾರ್ಥ, ಯಾವ ಯಾವ ಸೊಕ್ಕು ನನ್ನಲ್ಲಿ ಬೆಳೆಯದಂತೆ ಯಾರ ಮೂಲಕ ತಡೆಯಲಾಯಿತು ಅಂತ ಹೇಳುತ್ತೇನೆ. ಪಾಪದ ಕಥೆಗೆ ಮುಕ್ಕಾಲು ಭಾಗ, ಕ್ರಿಸ್ತನಿಗೆ ಕೊನೆಯ ಎರಡು ವಾಕ್ಯ ಕೊಡುವ ಸಾಕ್ಷಿಗಳು ನನಗೆ ಅಷ್ಟು ಇಷ್ಟವಾಗುವುದಿಲ್ಲ, ಎಷ್ಟೇ ರೋಚಕವಾಗಿರಲಿ.

ಇದಕ್ಕೆಲ್ಲ ನಿಜವಾದ ಪರೀಕ್ಷೆ ಬಂದದ್ದು ನನ್ನ ಸಂಡೇ ಸ್ಕೂಲ್ ತರಗತಿಯನ್ನು ಬೇರೆಯವರಿಗೆ ಕೊಟ್ಟಾಗ. ಹಿರಿಯರು ಕಾರಣ ಹೇಳಿದರು, ಕಾರಣ ಸರಿಯಾಗಿಯೇ ಇತ್ತು. ಹೊಸ ಶಿಕ್ಷಕಿ ಚಿಕ್ಕ ವಯಸ್ಸಿನವರು, ಮಕ್ಕಳಿಗೆ ಅವರು ಹತ್ತಿರ. ಆದರೂ ಮೊದಲ ಭಾನುವಾರ ಪಕ್ಕದ ಕೋಣೆಯಿಂದ ಮಕ್ಕಳ ನಗು ಕೇಳಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ನನ್ನ ತರಗತಿಯಲ್ಲಿ ಅಷ್ಟು ನಗು ಇರಲಿಲ್ಲ ಅಂತ ಅಲ್ಲೇ ಲೆಕ್ಕ ಹಾಕಿದ್ದೆ.

ಆ ವಾರ ಲೂಕ 10ನ್ನು ಮತ್ತೆ ಮತ್ತೆ ಓದಿದೆ. ಯೇಸು ಕಳುಹಿಸಿದ 70 ಮಂದಿ ಸಂತೋಷದಿಂದ ತಿರುಗಿ ಬರುತ್ತಾರೆ. ದೆವ್ವಗಳು ಕೂಡ ನಮಗೆ ಅಧೀನವಾದವು ಅನ್ನುತ್ತಾರೆ. ಸೇವೆ ಗೆದ್ದಿದೆ, ವರದಿ ಚೆನ್ನಾಗಿದೆ. ಯೇಸು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕಾಗಿ ಸಂತೋಷಪಡಬೇಡಿ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿರುವುದಕ್ಕೆ ಸಂತೋಷಪಡಿ ಅನ್ನುತ್ತಾನೆ. ಮೊದಲೆಲ್ಲ ಈ ಮಾತನ್ನು ಹೆಮ್ಮೆ ಪಡುವವರಿಗೆ ಕೊಟ್ಟ ಎಚ್ಚರಿಕೆ ಅಂತ ಓದುತ್ತಿದ್ದೆ. ಕೆಲಸ ಕೈಬಿಟ್ಟು ಹೋದವನಿಗೆ ಇದು ಆಶ್ರಯವೂ ಹೌದು. ತರಗತಿಯ ಪಟ್ಟಿಯಿಂದ ಹೆಸರು ಹೋಗಬಹುದು, ಆ ಇನ್ನೊಂದು ಪಟ್ಟಿಯಿಂದ ಅಲ್ಲ. ಹೊಸ ಶಿಕ್ಷಕಿಗೆ ನನ್ನ ಪಾಠದ ಚಿತ್ರಗಳನ್ನೆಲ್ಲ ಕೊಟ್ಟೆ. ಅರ್ಧವನ್ನು ಅವರು ಬಳಸಲಿಲ್ಲ. ಪರವಾಗಿಲ್ಲ, ಅವು ಹಳೆಯದಾಗಿದ್ದವು.

ಇಲ್ಲಿ ನಾಯಕರಿಗೆ ಒಂದು ಮಾತು ಹೇಳಲೇಬೇಕು. "ಸೇವೆ ಮಾಡುವುದೇ ಭಾಗ್ಯ" ಅಂತ ಹೇಳಿ ಜನರನ್ನು ದುಡಿಸಿಕೊಳ್ಳುವುದು ಕೃತಜ್ಞತೆ ಅಲ್ಲ. ಕೆಲಸದವನು ತನ್ನ ಕೂಲಿಗೆ ಯೋಗ್ಯನು ಅಂತ ಪೌಲನೇ ತಿಮೊಥೆಯನಿಗೆ ಬರೆದಿದ್ದಾನೆ. ಊಟಕ್ಕೂ ಸಮಯವಿಲ್ಲದಷ್ಟು ಜನ ಬಂದು ಹೋಗುತ್ತಿದ್ದಾಗ ಯೇಸು ಶಿಷ್ಯರನ್ನು ಕರೆದು, ಸ್ವಲ್ಪ ದಣಿವಾರಿಸಿಕೊಳ್ಳಿ ಅಂದನು. ಮಾರ್ಕ 6ರಲ್ಲಿದೆ. ಹಾಡುವವರು, ಗುಡಿಸುವವರು, ಲೆಕ್ಕ ಬರೆಯುವವರು ಬಿಡುವು ಕೇಳಿದರೆ ಅವರ ಭಕ್ತಿ ಕಡಿಮೆಯಾಗಿದೆ ಅಂತ ಅನುಮಾನಿಸಬೇಡಿ. ದುಃಖದಲ್ಲಿರುವವರ ಬಾಯಿಂದ ಸ್ತೋತ್ರವನ್ನು ಬಲವಂತವಾಗಿ ಹೊರಡಿಸುವುದೂ ಬೇಡ. ಕೀರ್ತನೆಗಳಲ್ಲಿ ಅಳುವವರಿಗೂ ಬೇಕಾದಷ್ಟು ಜಾಗವಿದೆ.

ಇನ್ನೊಂದು ಅಭ್ಯಾಸವನ್ನು ನಾನು ಜಾನ್ ನ್ಯೂಟನ್‌ರಿಂದ ಕಲಿತೆ. ಗುಲಾಮರ ವ್ಯಾಪಾರದ ಹಡಗುಗಳಲ್ಲಿ ದುಡಿದು ಮುಂದೆ ಇಂಗ್ಲೆಂಡಿನಲ್ಲಿ ಸಭಾಪಾಲಕರಾದವರು. 1748ರ ಮಾರ್ಚ್ 21ರಂದು ಸಮುದ್ರದ ಬಿರುಗಾಳಿಯಲ್ಲಿ ಹಡಗು ಮುಳುಗುವಂತಾದಾಗ ಅವರು ದೇವರನ್ನು ಕೂಗಿದರು. ಆಮೇಲೆ ಪ್ರತಿ ವರ್ಷ ಆ ದಿನವನ್ನು ನೆನಪಿನ ದಿನವಾಗಿ ಆಚರಿಸಿದರು. ಆದರೆ ಕಥೆಯ ಅಹಿತಕರ ಭಾಗವನ್ನೂ ಬಿಡಬಾರದು. ಆ ಬಿರುಗಾಳಿಯ ನಂತರವೂ ಅವರು ಗುಲಾಮರ ಹಡಗಿಗೆ ಕ್ಯಾಪ್ಟನ್ ಆಗಿ ಹೋದರು, 1754ರವರೆಗೆ. 1764ರಲ್ಲಿ ಸಭಾಪಾಲಕರಾಗಿ ದೀಕ್ಷೆ ಪಡೆದರು. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಪುಸ್ತಿಕೆ ಬರೆದದ್ದು 1788ರಲ್ಲಿ, ಬಿರುಗಾಳಿಯಾಗಿ 40 ವರ್ಷ ಕಳೆದ ಮೇಲೆ. ಹೀಗಾಗಿ ನನ್ನ ನೆನಪಿನ ದಿನದಲ್ಲಿ ಸ್ತೋತ್ರದ ಜೊತೆ ಒಂದು ಪ್ರಶ್ನೆಯನ್ನೂ ಇಟ್ಟುಕೊಂಡಿದ್ದೇನೆ: ಈ ಕೃಪೆ ನನ್ನ ಬದುಕಿನ ಯಾವ ಕೋಣೆಗೆ ಇನ್ನೂ ಹೋಗಿಲ್ಲ? ಉತ್ತರ ಬೇಕಾದಷ್ಟು ಸಿಗುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನನಗೆ ದೀಕ್ಷಾಸ್ನಾನವಾದ ದಿನವೇ ನನ್ನ ನೆನಪಿನ ದಿನ. ಆವತ್ತು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಓದುತ್ತೇನೆ. ಪೌಲನು ಅಲ್ಲಿ 20ಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಂದಿಸುತ್ತಾನೆ. ಪೌಲನು ಹೇಳಿದಂತೆ ಪತ್ರವನ್ನು ಕೈಯಾರೆ ಬರೆದ ತೆರ್ತ್ಯನೂ ನಡುವೆ ತನ್ನದೊಂದು ವಂದನೆ ಸೇರಿಸುತ್ತಾನೆ. ಅದನ್ನು ಓದಿದ ಮೇಲೆ, ನನ್ನನ್ನು ನಂಬಿಕೆಯಲ್ಲಿ ನಡೆಸಿದವರಲ್ಲಿ ಒಬ್ಬರಿಗೆ ಕಾಗದ ಬರೆಯುತ್ತೇನೆ. ಫೋನ್ ಮೆಸೇಜ್ ಅಲ್ಲ, ಕಾಗದ. ಕಳೆದ ಸಲ ನನಗೆ ಬಾಯಿಪಾಠದ ವಚನ ಹೇಳಿಕೊಟ್ಟ ಟೀಚರಮ್ಮನಿಗೆ ಬರೆದೆ. ಅವರಿಂದ ನಾಲ್ಕು ಸಾಲಿನ ಉತ್ತರ ಬಂತು. ನಾನು ಯಾರು ಅಂತ ಅವರಿಗೆ ಸ್ವಲ್ಪವೂ ನೆನಪಿಲ್ಲವಂತೆ, ಅಷ್ಟು ಮಕ್ಕಳಿಗೆ ಕಲಿಸಿದ್ದಾರಂತೆ. ಆದರೂ ತುಂಬ ಸಂತೋಷವಾಯಿತಂತೆ. ಮಂಡಿ ನೋವಿಗೆ ಪ್ರಾರ್ಥನೆ ಮಾಡಪ್ಪಾ ಅಂತ ಕೊನೆಯಲ್ಲಿ ಬರೆದಿದ್ದರು.