ಮರೆವಿನ ಕಾಯಿಲೆಯ ಹಿರಿಯರೊಂದಿಗೆ ಹಾಡಿನ ಕೂಟ ನಡೆಸುವುದು ಹೇಗೆ?

ಡಿಮೆನ್ಷಿಯಾ ಇರುವವರಿಗೆ ಹಾಡು ಕೇಳಿಸುವುದಕ್ಕಿಂತ ಹಾಡಿಸುವುದು ಮೇಲು. ಮಾತು ತಡವರಿಸುವವರೂ ಎಷ್ಟೋ ಸಲ ಹಳೆಯ ಪಲ್ಲವಿಯೊಂದನ್ನು ಪೂರ್ತಿ ಹಾಡಿಬಿಡುತ್ತಾರೆ. ಆರರಿಂದ ಎಂಟು ಜನ, 30–40 ನಿಮಿಷ ಸಾಕು. ಬೆಳಗಿನ ತಿಂಡಿಯ ನಂತರ ಸೇರಿಸಿ. ಸಂಜೆಯಾದಂತೆ ಕೆಲವರಿಗೆ ಗಲಿಬಿಲಿ ಹೆಚ್ಚುತ್ತದೆ. ಟಿವಿ ಆಫ್ ಮಾಡಿ, ಕಿವಿಯ ಮಷೀನಿನ ಬ್ಯಾಟರಿ ನೋಡಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕುರ್ಚಿ ಹಾಕಿ.

ಹಾಡಿನ ಆಯ್ಕೆಯಲ್ಲೇ ಅರ್ಧ ಕೆಲಸವಿದೆ. ಹತ್ತರಿಂದ ಮೂವತ್ತರ ವಯಸ್ಸಿನಲ್ಲಿ ಕೇಳಿದ್ದು ಗಟ್ಟಿಯಾಗಿ ಉಳಿದಿರುತ್ತದೆ. ಈಗ 80ರ ಆಸುಪಾಸಿನವರಿಗೆ 1955–75ರ ಚಿತ್ರಗೀತೆ, ಜೊತೆಗೆ ದೇವರನಾಮ, ಸೋಬಾನೆ, ವಚನ. ವಯಸ್ಸಾದವರಿಗೆಲ್ಲ ಭಜನೆಯೇ ಬೇಕು ಎಂದುಕೊಳ್ಳಬೇಡಿ, ಮನೆಯವರನ್ನು ಕೇಳಿ. ಯಾವ ಹಾಡು ನೋವಿನ ನೆನಪು ಕೆದಕುತ್ತದೆ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ.

ಹೆಚ್ಚಿನವರು ಎಡವುವುದು ಶ್ರುತಿಯಲ್ಲಿ. ವಯಸ್ಸಾದಂತೆ ಹೆಂಗಸರ ದನಿ ಸಾಮಾನ್ಯವಾಗಿ ತಗ್ಗುತ್ತದೆ. ಸಿನಿಮಾ ಹಾಡಿನ ಮೂಲ ಶ್ರುತಿ ಹಿಡಿದರೆ ಸುಮ್ಮನಾಗಿಬಿಡುತ್ತಾರೆ. ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಮೂರು-ನಾಲ್ಕು ಮನೆ (ಕೀ) ಇಳಿಸಿ, ಲಯ ತುಸು ನಿಧಾನಿಸಿ, ಸಾಲಿನ ಕೊನೆಯ ಪದವನ್ನು ಅವರಿಗೇ ಬಿಡಿ. ಕಾಯಿರಿ, ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಹಾಡಲಾಗದವರ ಕೈಗೆ ತಾಳವನ್ನೋ ಗೆಜ್ಜೆಯನ್ನೋ ಕೊಡಿ.

ಚಡಪಡಿಸುವವರಿಗೆ ಜೋಗುಳದಿಂದ ಶುರು ಮಾಡಬೇಡಿ. ಅವರ ಓಡಾಟದ ವೇಗಕ್ಕೇ ತಾಳ ಹಾಕಿ, ಆಮೇಲೆ ಮೆಲ್ಲಗೆ ಇಳಿಸಿ. ಕಣ್ಣೀರು ಬಂದ ಮಾತ್ರಕ್ಕೆ ನಿಲ್ಲಿಸಬೇಕಿಲ್ಲ. ಪಕ್ಕದಲ್ಲಿ ಕುಳಿತರೆ ಸಾಕು. ಹೆದರಿಕೆ, ಸಿಟ್ಟು ಕಂಡರೆ ಮಾತ್ರ ಹಾಡು ನಿಲ್ಲಿಸಿ. ಯಾರು ಯಾವ ಹಾಡಿಗೆ ದನಿಗೂಡಿಸಿದರು ಎಂದು ಬರೆದಿಡಿ, ಮುಂದಿನ ವಾರ ಅಲ್ಲಿಂದಲೇ ಶುರು ಮಾಡಿ.